ತೊಗಟೆ ಬಿಡಿಸಿದ ಅಣಬೆ

ಹಲಸಿನ ಅಣಬೆ ತಂದರೆ ತೊಗಟೆ ಸಮೇತ ತರಬೇಕು. ಇದು ಲುಯಿಸನ ಕಟ್ಟಳೆ. ಅವನಪ್ಪನ ಕಟ್ಟಳೆಯೂ ಇದೇ ಆಗಿತ್ತು.

ಅಣಬೆ ಅಂದರೆ ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ, ಸಾರು ಮಾಡಿ ತಿನ್ನುವ ಮೆತ್ತನೆಯದಲ್ಲ. ಇದು ಮುದಿ ಹಲಸಿನ ಬೊಡ್ಡೆಗೆ ದನದ ಗೊರಸಿನ ಹಾಗೆ ಅಂಟಿಕೊಂಡು ವರ್ಷಗಟ್ಟಲೆ ಬೆಳೆಯುವುದು. ಮೇಲೆ ಕರ್ರಗೆ, ಸೀಳು ಸೀಳು. ಕೆಳಗೆ ನಶ್ಯದ ಬಣ್ಣ. ಕಟ್ಟಿಗೆಗಿಂತ ಗಟ್ಟಿ. ಸೂಪಾ ಕಡೆಯ ಕೊಂಕಣಿ ಮಂದಿ ಫಣಸ ಅಳಂಬೆ ಅನ್ನುತ್ತಾರೆ. ಮೊಲೆ ಕುಡಿಯುವ ಕೂಸಿನ ಬಾಯಲ್ಲಿ ಬಿಳಿ ಹುಣ್ಣೆದ್ದು ಜೊಲ್ಲು ಸುರಿಯಲು ಹತ್ತಿದರೆ, ಇದನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯ್ದು, ಆ ಗಂಧವನ್ನು ನಾಲಿಗೆಗೆ ಸವರುವರು. ಕೇರಿಯ ಕೂಸುಗಳೆಲ್ಲ ಆ ಒಗರು ಉಂಡೇ ಬೆಳೆದವು.

ಆದರೆ ಇಂಥದೇ ಗೊರಸು ಮತ್ತಿಯ ಮರಕ್ಕೂ ಬರುತ್ತದೆ, ಕಾಸರಕದ ಮರಕ್ಕೂ ಬರುತ್ತದೆ. ಮರದಿಂದ ಬಿಡಿಸಿದ ಮೇಲೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಕಾಸರಕ ವಿಷದ ಮರ. ಅದರ ಮೈಮೇಲೆ ಬೆಳೆದದ್ದು ಅದರ ರಸ ಕುಡಿದೇ ಬೆಳೆದಿರುತ್ತದೆ ಅಂತ ಲುಯಿಸ್ ಹೇಳುವನು. ಅದಕ್ಕೇ ತೊಗಟೆ. ಬೆರಳಗಲ ತೊಗಟೆ ಅಂಟಿಕೊಂಡಿದ್ದರೆ ಮನೆಯಲ್ಲಿದ್ದವರು ಸಹ ನೋಡಿ ಇದು ಇಂಥ ಮರದ್ದು ಅನ್ನಬಹುದು. ಬಿಡಿಸಿದವನು ಮೊದಲು ತನ್ನ ನಾಲಿಗೆಗೆ ಇಟ್ಟುಕೊಳ್ಳಬೇಕು. ಒಗರಾಗಬೇಕು, ಕಹಿಯಾಗಬಾರದು. ಆಮೇಲೆ ಮನೆಗೆ. ತರುವುದು ಗಂಡಸಿನ ಕೆಲಸ, ತೇಯುವುದು ಹೆಂಗಸಿನ ಕೆಲಸ. ಮಾರ್ಗರೀಟಾ ಲುಯಿಸನನ್ನು ಮದುವೆಯಾಗಿ ಬಂದಾಗಿನಿಂದ ತೇಯ್ದವಳು. ಮರ ಗುರುತು ಹಿಡಿದವಳಲ್ಲ.

ಅವಳ ತವರು ಮುಂಡಗೋಡ ಕಡೆ. ಕೊಟ್ಟದ್ದು ಹಳಿಯಾಳದಿಂದ ಕುಳಗಿಗೆ ಹೋಗುವ ಕಾಡುದಾರಿಯ ಈ ಸಿದ್ದಿ ಕೇರಿಗೆ. ಕೇರಿಯಲ್ಲಿ ಕ್ರಿಸ್ತರಿದ್ದರು, ಹಿಂದೂಗಳಿದ್ದರು, ಒಂದೆರಡು ಮನೆ ಮುಸಲ್ಮಾನರು. ಮದುವೆಗೂ ಮಣ್ಣಿಗೂ ಎಲ್ಲರೂ ಎಲ್ಲರ ಮನೆಗೆ ಹೋಗುವರು. ಮಾರ್ಗರೀಟಾ ಹೆತ್ತ ಎರಡೂ ಚಳಿಜ್ವರಕ್ಕೆ ಹೋದವು. ಲುಯಿಸ್ ಉಳಿದಿದ್ದ. ದೊಡ್ಡ ಲಡಾಯಿ ನಡೆದ ಕಾಲಕ್ಕೆ, ಈಸ್ಟರ್ ಹಬ್ಬದ ಮುಂದೆ, ಅವನೂ ಹೋದ.

ಲಡಾಯಿಗೆ ಕಟ್ಟಿಗೆ ಬೇಕಾಗಿತ್ತು. ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಲಿಯ ಮೇಲೆ ಓಡುತ್ತಿದ್ದವು, ಅದಕ್ಕೂ ಕಾಡೇ. ಗುತ್ತಿಗೆದಾರರು ಗುಡ್ಡಕ್ಕೆ ಗುಡ್ಡ ಬೋಳು ಮಾಡಿದರು. ದಪ್ಪ ನಾಟಾ ದಾಂಡೇಲಿ ಡಿಪೋಕ್ಕೆ, ಉಳಿದದ್ದು ಇದ್ದಲಿ ಭಟ್ಟಿಗೆ. ಲುಯಿಸ್ ಮತ್ತು ಕೇರಿಯ ಬಂಡಿಕಾರ ಮೌಲಾಸಾಬ ಬಂಡಿಗೆ ನಾಟಾ ಏರಿಸುವಾಗ ಮೌಲಾಸಾಬನ ಕೈಯಿಂದ ಹಗ್ಗ ಜಾರಿತು. ಕೆಳಗೆ ನಿಂತಿದ್ದವನು ಲುಯಿಸ್. ಅವತ್ತಿನಿಂದ ಮಾರ್ಗರೀಟಾ ಮೌಲಾಸಾಬನ ಜೊತೆ ಮಾತು ಬಿಟ್ಟಳು. ಅವನು ಎದುರಿಗೆ ಬಂದರೆ ದಾರಿ ಬಿಟ್ಟು ಪೊದೆಯೊಳಗೆ ನಿಲ್ಲುವಳು.

ಮಣ್ಣಿಗೆ ಬಂದ ಲುಯಿಸನ ತಂಗಿ ಕೆಲವು ದಿನ ಉಳಿದಳು. ಸುಮ್ಮನೆ ಕೂರುವ ಜೀವ ಅಲ್ಲ ಅದು. ಗೋಡೆ ಸಾರಿಸಿದಳು, ಹಾಸಿಗೆ ಒಗೆದಳು, ಒಲೆಯ ಮೇಲಿನ ಅಟ್ಟದಿಂದ ಬುಟ್ಟಿ ಇಳಿಸಿದಳು. ಅದರಲ್ಲಿ ಮೂರು ಅಣಬೆ. ಒಂದು ಹಲಸಿನದು, ಕೂಸುಗಳಿಗೆ. ಒಂದು ಮತ್ತಿಯದು, ಕಿಡಿ ಹಿಡಿಸಿ ಬೆಂಕಿ ಕಾಪಾಡಲಿಕ್ಕೆ. ಇನ್ನೊಂದು ಕಾಸರಕದ್ದು, ದನದ ಹುಣ್ಣಿಗೆ ಹುಳ ಬಿದ್ದರೆ ಹಚ್ಚಲಿಕ್ಕೆ. ತೊಗಟೆಗೆ ಗೆದ್ದಲು ಹತ್ತಿತ್ತು. ಅವಳು ಮೂರರ ತೊಗಟೆಯನ್ನೂ ಚೊಕ್ಕ ಕೆತ್ತಿ, ಒಂದೇ ಗಡಿಗೆಯ ಬೂದಿನೀರಿನಲ್ಲಿ ನೆನೆಸಿ ತೊಳೆದು, ಬಿಸಿಲಿಗೆ ಒಣಗಿಸಿ ಇಟ್ಟಳು.

“ಅಣ್ಣನ ಔಷಧ ಹಾಳಾಗಬಾರದಂತ ತೊಳದು ಇಟ್ಟೇನಿ ವೈನಿ” ಅಂದಳು.

ಮಾರ್ಗರೀಟಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. “ಹೂಂ” ಅಂದಳು. ಏನು ಕೇಳಿದಳೋ ಏನು ಬಿಟ್ಟಳೋ.

ಮುಂಗಾರಿನ ಮಿರಗದ ಮಳೆ ಬಿದ್ದು ಎರಡು ದಿನಕ್ಕೆ ಪಕ್ಕದ ಮನೆಯ ರುಕ್ಮಾ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಅವಳ ಗಂಡ ಡಿಪೋದಲ್ಲಿ ಕೂಲಿ, ತಿಂಗಳಿಗೊಮ್ಮೆ ಬಂದರೆ ಬಂದ. ಹೋದ ಮಳೆಗಾಲದಲ್ಲಿ ಒಂದು ಹೆತ್ತು ಮಣ್ಣು ಮಾಡಿದ್ದಳು. ಇದು ಎರಡನೆಯದು, ಹೆಣ್ಣು. ಇನ್ನೂ ಹೆಸರಿಟ್ಟಿರಲಿಲ್ಲ.

“ಕಾಕಿ, ಕೂಸು ಮೊಲಿ ಹಿಡೀವಲ್ದು.”

“ಬಾಯಿ ತೆರಿ, ನೋಡೂಣು.”

ನಾಲಿಗೆಯ ತುಂಬ, ಗಲ್ಲದ ಒಳಗೆ, ಮೊಸರು ಮೆತ್ತಿದ ಹಾಗೆ ಬಿಳಿ. ಮೊಲೆ ತುಟಿಗೆ ತಾಕಿದರೆ ಸಾಕು, ಕೂಸು ಹಿಂದಕ್ಕೆ ಸೆಟೆಯುತ್ತಿತ್ತು. ಅಳಲಿಕ್ಕೂ ದನಿ ಇರಲಿಲ್ಲ.

“ಲುಯಿಸ್ ಕಾಕಾ ತಂದಿಟ್ಟಿದ್ದು ಐತಲ್ಲ?”

ಮಾರ್ಗರೀಟಾ ಬುಟ್ಟಿ ಇಳಿಸಿದಳು. ನೋಡಿದಳು. ಮೂರೂ ಒಂದೇ ಬಣ್ಣ, ಒಂದೇ ಮೈ. ಒಂದೊಂದನ್ನೂ ನಾಲಿಗೆಗೆ ಇಟ್ಟಳು. ಮೂರಕ್ಕೂ ಬೂದಿನೀರಿನ ರುಚಿ. ಆಗ ನಾದಿನಿ ಹೇಳಿದ ಮಾತು ಈಗ ಹೇಳಿದ ಹಾಗೆ ಕಿವಿಗೆ ಬಿತ್ತು. ಅಲ್ಲಿಯೇ ಕೂತುಬಿಟ್ಟಳು.

“ಮೂರರಾಗ ಯಾವುದು ಕಾಕಿ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರ? ಇಷ್ಟು ವರ್ಷ ತೇಯ್ದಾಕಿ ನೀನ ಅಲ್ಲೇನು?”

“ಕೊಟ್ಟದ್ದನ್ನ ತೇಯ್ದೇನಿ. ಕೊಡಾಂವ ಹೋದ.”

“ಯಾವುದಾರ ಒಂದು ತೇಯಿ. ಹಿಂಗ ಬಿಟ್ರ ಹೆಂಗಿದ್ರೂ ಉಳಿಯೂದಿಲ್ಲ ಇದು.”

“ಉಳಿಯದಿದ್ರ ನನ್ನ ಕೈಲೆ ಯಾಕ ಸಾಯಬೇಕು?”

ರುಕ್ಮಾಳ ಮುಖ ಕಲ್ಲಾಯಿತು. “ನಿನ್ನ ಬಾಯಾಗ ಮಣ್ಣು ಬೀಳಲಿ. ಗಂಡ ಸತ್ತಾನಂತ ಊರೆಲ್ಲಾ ಸಾಯಬೇಕೇನು?”

ಮಾರ್ಗರೀಟಾ ಎದ್ದು ಮೂರು ಅಣಬೆಗಳನ್ನೂ ಒಲೆಗೆ ಹಾಕಿದಳು. ರುಕ್ಮಾ ಕೂಗಿ ಕೈ ಚಾಚುವಷ್ಟರಲ್ಲಿ ಬೆಂಕಿ ಹಿಡಿದಿತ್ತು.

“ಹುಚ್ಚಿ! ಹುಚ್ಚಿ ಆಗೀಯೇನು?”

“ಇಲ್ಲಿದ್ರ ನಾನು ಆ ಕಡೆ ಹೋಗೂದರೊಳಗ ನೀ ತೇಯ್ತೀ. ಕುಂದ್ರು. ಬೆರಳಿಗೆ ಅರಿವಿ ಸುತ್ತಿ ನೀರು ಹಿಂಡು ಬಾಯಾಗ. ಇವತ್ತ ತರ್ತೇನಿ ಹೊಸಾದು.”

“ಯಾರ ಕೈಲೆ ತರಸ್ತಿ?”

“ಯಾರ ಕೈಲೆ? ನಾನ ಹೊಂಟೇನಿ.”

ಬಾಗಿದ ಅಲಗಿನ ಕೊಯ್ತಾ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಹೊರಟವಳು ಕೇರಿಯ ಕೊನೆಗೆ ನಿಂತಳು. ಲುಯಿಸನ ಮರ ಹಳ್ಳದ ಮೇಲಿತ್ತು ಅನ್ನುವುದು ಗೊತ್ತು. ಕಟ್ಟಿಗೆ ಹೊರೆ ಹೊತ್ತು ಅವನ ಹಿಂದೆ ಎಷ್ಟೋ ಸಲ ನಡೆದಿದ್ದಳು. ಅವನು ಎಲೆ ಹರಿದು ತೋರಿಸಿ ಏನೋ ಹೇಳುವನು, ಇವಳು ಹೊರೆಯ ಭಾರದಲ್ಲಿ ಅರ್ಧ ಕೇಳುವಳು. ಈಗ ಆ ಗುಡ್ಡವೇ ಬೋಳು. ದಾರಿ ತೋರುತ್ತಿದ್ದ ಮರಗಳೇ ಇಲ್ಲ. ಎಲ್ಲಿ ಯಾವ ಮರ ಇತ್ತು ಅಂತ ಹೇಳುವವರು ಕಡಿದವರೇ.

ಮೌಲಾಸಾಬ ಎತ್ತು ಹೂಡುತ್ತಿದ್ದ. ಮಳೆ ಜೋರಾಗುವುದರೊಳಗೆ ಭಟ್ಟಿಯಲ್ಲಿ ಉಳಿದ ಇದ್ದಲಿ ತರಬೇಕಾಗಿತ್ತು. ಮಾರ್ಗರೀಟಾ ಬಂದು ಬಂಡಿಯ ಮುಂದೆ ನಿಂತಳು.

“ಮೌಲಾ, ಹಲಸಿನ ಬೊಡ್ಡಿ ಎಲ್ಲೆಲ್ಲಿ ಅದಾವು ಗುಡ್ಡದಾಗ?”

ಅವನ ಕೈಯಲ್ಲಿದ್ದ ನೊಗ ಅಲ್ಲೇ ನಿಂತಿತು. “ವೈನಿ ಮಾತಾಡಿದ್ರು” ಅಂದ ಎತ್ತಿಗೆ. “ಕೇಳ್ದೇನಲೇ ಬಸವಾ?”

“ಚಾಷ್ಟಿ ಬ್ಯಾಡ. ರುಕ್ಮಾನ ಕೂಸಿನ ಬಾಯಿ ಹುಣ್ಣಾಗೇತಿ.”

ಅವನ ನಗೆ ಹೋಯಿತು. “ಏರ್ರಿ” ಅಂದ.

ಬಂಡಿ ಕೆಸರಿನಲ್ಲಿ ಹೊರಳುತ್ತ ಹೋಯಿತು. ಅವಳು ಹಿಂದೆ ಕೂತಳು, ಬೆನ್ನು ಅವನ ಕಡೆ. ಸ್ವಲ್ಪ ದೂರ ಹೋದ ಮೇಲೆ ಅವನು ಬಾಯಿ ತೆರೆದ.

“ವೈನಿ, ಅವತ್ತಿನ ಹಗ್ಗ...”

“ಹಗ್ಗದ ಮಾತು ಬ್ಯಾಡ. ಗಿಡದ ಮಾತಿದ್ರ ಆಡು.”

ಗಿಡದ ಮಾತೂ ಅವನು ಆಡಲಿಲ್ಲ.

ಗುಡ್ಡದ ಮೇಲೆ ಬಂದಾಗ ಮಾರ್ಗರೀಟಾ ಇಳಿಯುವುದನ್ನು ಮರೆತಳು. ನೆರಳಿಲ್ಲ. ಕಣ್ಣು ಹಾಯಿಸಿದಷ್ಟು ಬೊಡ್ಡೆಗಳು, ಸುಟ್ಟ ರೆಂಬೆ, ಕರಿ ಮಣ್ಣು. ಮಳೆನೀರು ಮಸಿ ಕದಡಿಕೊಂಡು ಇಳಿಜಾರಿಗೆ ಹರಿಯುತ್ತಿತ್ತು. ಹಕ್ಕಿಗಳಿಗೂ ಕೂರಲು ಏನಿಲ್ಲ. ಮರ ಅಂದರೆ ಎಲೆ ನೋಡಿ ಹೇಳಬೇಕು, ಕಾಯಿ ನೋಡಿ ಹೇಳಬೇಕು. ಬೊಡ್ಡೆ ನೋಡಿ ಏನು ಹೇಳುವುದು? ಎಲ್ಲದರ ಮೈಯೂ ಸುಟ್ಟು ಒಂದೇ ಆಗಿತ್ತು.

ಮೌಲಾಸಾಬ ಮೇಲಿನ ಇಳಿಜಾರಿನ ಒಂದು ಬೊಡ್ಡೆಗೆ ಕರೆದುಕೊಂಡು ಹೋದ. ಬುಡದಲ್ಲಿ ಅಣಬೆ ಇತ್ತು, ಅಂಗೈಯಗಲ, ಮೇಲೆ ಸೀಳು, ಕೆಳಗೆ ನಶ್ಯದ ಬಣ್ಣ. ಅವನು ಕೊಡಲಿಯಿಂದ ಬೊಡ್ಡೆ ಕೆತ್ತಿ ತೋರಿಸಿದ. ಒಳಗೆ ಹಳದಿ.

“ಇದ ಹಲಸು. ನೋಡ್ರಿ, ಅರಿಷಿಣ ಇದ್ದಂಗ ಐತಿ. ತಗೋರಿ, ಹೋಗೂಣು. ಮಳಿ ಬರ್ತೈತಿ.”

ಅವಳು ಕೊಯ್ತಾ ಎತ್ತಿದಳು. ಇಳಿಸಿದಳು. ಬೊಡ್ಡೆಯ ಸುತ್ತ ಕೂತು ಕೂತು ಸರಿದಳು. ಹಿಂಬದಿಯಲ್ಲಿ, ಬೆಂಕಿ ತಾಗದ ಕಡೆ, ಒಂದು ಚಿಗುರು ಬಂದಿತ್ತು. ಎಲೆ ಮುರಿದಳು. ಬೆರಳಿನ ನಡುವೆ ಹಿಸುಕಿದಳು. ಬೆರಳು ಒದ್ದೆಯಾಯಿತು, ಅಂಟಲಿಲ್ಲ.

“ಅಂಟಿಲ್ಲ ಇದಕ್ಕ.”

“ಕಡದ ಗಿಡಕ್ಕ ಅಂಟು ಎಲ್ಲಿಂದ ಬರಬೇಕು ವೈನಿ? ಸತ್ತ ಗಿಡ ಅದು.”

“ಸತ್ತದ್ದು ಚಿಗರತೈತೇನು?”

“ಒಳಗ ಹಳದಿ ಐತಲ್ಲ?”

“ಹೆದ್ದಿ ಗಿಡಾನೂ ಒಳಗ ಹಳದೀನ. ನಾಟಾ ಹೊತ್ತ ಮಂದಿಗೆ ಇದು ಗೊತ್ತಿಲ್ಲೇನು? ನಿನಗ ಗೊತ್ತೈತಿ.” ಅವಳು ಅವನ ಮುಖ ನೋಡಿದಳು. ಲುಯಿಸ್ ಸತ್ತ ಮೇಲೆ ಮೊದಲ ಸಲ ಸರಿಯಾಗಿ ನೋಡಿದ್ದು. ಅವನು ಬೇರೆ ಕಡೆ ನೋಡುತ್ತಿದ್ದ. “ಕೂಸಿನ ಬಾಯಿಗೆ ಹಾಕೂದು ಮೌಲಾ ಇದು. ಯಾಕ ಸುಳ್ಳು ಹೇಳ್ತಿ?”

ಮೌಲಾಸಾಬ ಕೊಡಲಿ ನೆಲಕ್ಕೆ ಊರಿ ಕುಕ್ಕರುಗಾಲಲ್ಲಿ ಕೂತ.

“ಹಲಸಿಂದು ಕೆಳಗ ಐತಿ, ಹಳ್ಳದ ಕಡೆ. ಲುಯಿಸನ ಗಿಡ. ಅಂವ ಗುತ್ತಿಗೆದಾರನ ಮುಕಾದಮನ ಕಾಲು ಹಿಡದು, ಇದೊಂದು ಬಿಡ್ರಿ, ಕೇರಿ ಕೂಸುಗೋಳ ಔಷಧ ಐತಿ ಇದರಾಗ ಅಂತ ಕೇಳ್ಕೊಂಡಿದ್ದ. ಅಂವ ಇರೂತನಕ ಬಿಟ್ಟಿದ್ರು. ಅಂವ ಹೋದಮ್ಯಾಲ ಕಡೀರಿ ಅಂದ್ರು.”

“ಯಾರು ಕಡದ್ರು?”

“ನಾನ. ನಾನ ಕಡದೇನಿ ವೈನಿ. ನಿಮಗ ಅದನ್ನ ತೋರಸೂದು ನನ್ನ ಕೈಲೆ ಆಗಲಿಲ್ಲ.”

ಮಳೆ ಶುರುವಾಯಿತು. ಮಾರ್ಗರೀಟಾ ಬೈಯಲಿಲ್ಲ. ಬೈಗುಳ ಬಾಯಿಯ ತನಕ ಬಂದಿತ್ತು, ಆದರೆ ಬೈಯುತ್ತ ಕೂತರೆ ಹೊತ್ತು ಹೋಗುತ್ತದೆ.

“ತೋರಸು” ಅಂದಳು.

ಹಳ್ಳದ ದಂಡೆಯಲ್ಲಿ ಬೊಡ್ಡೆ ಇತ್ತು. ಎರಡು ಜನ ಕೈ ಕೂಡಿಸಿದರೂ ಸುತ್ತು ಬರದಷ್ಟು ದೊಡ್ಡದು. ನೀರಿನ ಕಡೆ ಬೆಂಕಿ ತಾಗಿರಲಿಲ್ಲ. ಆ ಮಗ್ಗುಲಿಗೆ ಹಳೆಯ ಗಾಯಗಳು, ಲುಯಿಸ್ ಒಂದೊಂದು ವರ್ಷ ಒಂದೊಂದು ಅಣಬೆ ತೆಗೆದ ಜಾಗ. ಅದರ ಕೆಳಗೆ, ಮಣ್ಣಿಗೆ ಹತ್ತಿಕೊಂಡು, ಅವನು ಬಿಟ್ಟಿದ್ದ ಒಂದು. ಪಕ್ಕದಲ್ಲಿ ಎಳೆ ಚಿಗುರು. ಅವಳು ಎಲೆಯ ಮೇಲೆ ಬೆರಳು ಆಡಿಸಿದಳು. ಕಾಡಿನ ಹೆಬ್ಬಲಸಿಗೂ ಅಂಟಿರುತ್ತದೆ, ಆದರೆ ಅದರ ಎಲೆ ಒರಟು, ರೋಮ ರೋಮ. ಇದು ನುಣುಪು. ತೊಟ್ಟು ಮುರಿದಳು. ಬಿಳೀ ಅಂಟು ಉಕ್ಕಿ ಬೆರಳಿಗೆ ಹತ್ತಿತು, ಒರೆಸಿದರೆ ಹೋಗಲಿಲ್ಲ.

ಆದರೂ ಅವಳು ತಡೆದಳು. ಹಿಂದೆ ತಿರುಗಿದಳು. “ಹೌದಲ್ಲ?” ಅಂತ ಕೇಳುವ ರೂಢಿ. ಹಿಂದೆ ಮೌಲಾಸಾಬ ನಿಂತಿದ್ದ, ತಲೆ ತಗ್ಗಿಸಿಕೊಂಡು.

ತೊಗಟೆ ಸಮೇತ ಬಿಡಿಸಿದಳು. ಒಂದು ಚೂರು ನಾಲಿಗೆಗೆ ಇಟ್ಟುಕೊಂಡಳು. ಒಗರು. ಗಲ್ಲ ಒಳಕ್ಕೆ ಎಳೆದುಕೊಂಡಿತು. ಕಾದಳು. ಕಹಿ ಬರಲಿಲ್ಲ.

“ನೀನೂ ಇಟ್ಕೋ” ಅಂತ ಅವನಿಗೂ ಒಂದು ಚೂರು ಕೊಟ್ಟಳು. ಅವನು ಪ್ರಸಾದ ತಗೊಂಡ ಹಾಗೆ ಎರಡು ಕೈಯಲ್ಲಿ ತಗೊಂಡು ಬಾಯಿಗೆ ಹಾಕಿದ.

ಅವತ್ತು ಸಂಜೆಯೇ ತೇಯ್ದಳು. ಕಲ್ಲಿನ ಮೇಲೆ ಕಾಚಿನ ಬಣ್ಣ ಇಳಿಯಿತು. ಬೆರಳಿಗೆ ಹಚ್ಚಿ ಕೂಸಿನ ನಾಲಿಗೆ, ವಸಡು, ಗಲ್ಲ ಎಲ್ಲ ಸವರಿದಳು. ಕೂಸು ಮುಖ ಕಿವಿಚಿತು. ರುಕ್ಮಾ ತೊಗಟೆಯನ್ನು ತಿರುವಿ ತಿರುವಿ ನೋಡಿದಳು. ಮಾರ್ಗರೀಟಾ ಮರುದಿನವೂ ಸವರಿದಳು, ಅದರ ಮರುದಿನವೂ. ಬಿಳಿ ಪದರು ಅಂಚಿನಿಂದ ಬಿಡಲು ಹತ್ತಿತು. ಜೊಲ್ಲು ನಿಂತಿತು. ನಾಲಿಗೆ ಕೆಂಪಗೆ ಹೊರಗೆ ಬಂತು. ಒಂದು ಬೆಳಗ್ಗೆ ಕೂಸು ತಾನಾಗಿ ಮೊಲೆ ಹುಡುಕಿ ಬಾಯಿ ಹಾಕಿತು.

ಮಾರ್ಗರೀಟಾ ಬಾಗಿಲಲ್ಲಿ ನಿಂತು ನೋಡಿದಳು. ಕೂಸು ಎಳೆಯಿತು, ಎಳೆಯಿತು, ಬಿಟ್ಟು ಅತ್ತಿತು. ಮತ್ತೆ ಹಿಡಿಯಿತು. ಮತ್ತೆ ಬಿಟ್ಟಿತು.

“ಬಾಯಿ ನೋವೈತೇನ ಇನ್ನೂ?”

“ಬಾಯಿ ಆರೇತಿ ಕಾಕಿ.” ರುಕ್ಮಾ ತಲೆ ಎತ್ತಲಿಲ್ಲ. “ಹಾಲ ಇಲ್ಲ. ಬತ್ತಿ ಹೋಗ್ಯಾವು.”

ಮಾರ್ಗರೀಟಾ ಆಗ ರುಕ್ಮಾಳನ್ನು ನೋಡಿದಳು. ಇಷ್ಟು ದಿನ ಕೂಸಿನ ಬಾಯಿಯನ್ನೇ ನೋಡಿದ್ದಳು. ಕೊರಳಿನ ಎಲುಬು ಎದ್ದು ಕೂತಿದ್ದವು. ಲಡಾಯಿ ಕಾಲದ ರೇಶನ್ನಿನ ನುಚ್ಚು ಡಿಪೋದಲ್ಲಿದ್ದ ಗಂಡನ ಪಾಲಿಗೆ ಹೋಗುತ್ತಿತ್ತು, ಇವಳ ಪಾಲಿಗೆ ಕಾಡಗೆಣಸಿನ ಗಂಜಿ. ಮೇಲೆ ಕೂಸು ಬಾಯಿ ಹಾಕದೆ ಕಳೆದ ದಿನಗಳು.

ಮನೆಯಲ್ಲಿದ್ದ ಎರಡು ಹಿಡಿ ಅಕ್ಕಿ ತಂದು ಗಂಜಿ ಕಾಸಿ ರುಕ್ಮಾಳಿಗೆ ಕುಡಿಸಿದಳು. ಮೌಲಾಸಾಬನ ಹೆಂಡತಿ ಆಡಿನ ಹಾಲು ತಂದಳು. ಅರಿವೆಯ ತುದಿ ಅದ್ದಿ ಕೂಸಿಗೆ ಚೀಪಿಸಿದರು. ಕೂಸು ಆಸೆಯಿಂದ ಚೀಪಿತು. ಆದರೆ ಹೊಟ್ಟೆ ತಡೆಯಲಿಲ್ಲ, ನೀರು ನೀರಾಗಿ ಹೋಯಿತು. ಹಳಿಯಾಳದ ದವಾಖಾನೆಗೆ ಒಯ್ಯೋಣ ಅಂದರೆ ಹಳ್ಳ ತುಂಬಿ ಬಂದಿತ್ತು, ಬಂಡಿ ದಾಟುವ ಹಾಗಿರಲಿಲ್ಲ. ಹಳ್ಳ ಇಳಿಯುವುದರೊಳಗೆ ಕೂಸು ಹೋಯಿತು. ಬಾಯಿ ಶುದ್ಧವಾಗಿತ್ತು. ಒಂದು ಹುಣ್ಣಿರಲಿಲ್ಲ.

ಕುಣಿ ತೋಡಿದವನು ಮೌಲಾಸಾಬ. ನೀರು ಜಿನುಗುತ್ತಿತ್ತು, ಮತ್ತೆ ಮತ್ತೆ ತೋಡಿ ಹೊರಗೆ ಚೆಲ್ಲಿದ.

ಕೇರಿಯಲ್ಲಿ ಮಾತು ಎದ್ದಿತು. ಬೇರೆ ಗಿಡದ್ದು ತಂದಿರಬೇಕು ಅಂದರು. ಗಂಡಸಿನ ಕೆಲಸ ಹೆಂಗಸು ಮಾಡಿದರೆ ಹೀಗೇ ಅಂದರು. ಬಾವಿಯ ಹತ್ತಿರ ಒಬ್ಬಳು ಮಾರ್ಗರೀಟಾಳ ಕಿವಿಗೆ ಬೀಳುವ ಹಾಗೆಯೇ ಅಂದಳು. ಮೌಲಾಸಾಬ ಅಲ್ಲಿಯೇ ಎತ್ತಿಗೆ ನೀರು ಕುಡಿಸುತ್ತಿದ್ದ.

“ನಾನೂ ತಿಂದೇನಿ ಅದನ್ನ! ಸತ್ತೇನೇನು? ನೋಡ್ರಿ, ಇಲ್ಲೇ ಅದೀನಿ, ಎಮ್ಮಿ ಆಗೇನಿ” ಅಂತ ಕೂಗಿದ.

ಯಾರೂ ನಗಲಿಲ್ಲ. ಅವನ ಮಾತಿಗೆ ಕೇರಿಯಲ್ಲಿ ಬೆಲೆ ಇರಲಿಲ್ಲ. ಹಗ್ಗ ಬಿಟ್ಟವನು ಅವನು. ಮಾರ್ಗರೀಟಾ ತೊಗಟೆ ತೋರಿಸಬಹುದಿತ್ತು, ಮನೆಯಲ್ಲಿ ಉಳಿದ ಅಣಬೆಗೆ ಅದು ಇನ್ನೂ ಅಂಟಿಕೊಂಡೇ ಇತ್ತು. ತೋರಿಸಲು ಹೋಗಲಿಲ್ಲ. ತೊಗಟೆ ನೋಡಿ ಹೌದು ಅಂದರೆ ಕೇರಿ ನಂಬುತ್ತಿದ್ದ ಮನುಷ್ಯ ಲುಯಿಸ್ ಒಬ್ಬನೇ.

ಭತ್ತದ ನಟ್ಟಿ ಶುರುವಾಯಿತು. ಗೌಡರ ಗದ್ದೆಗೆ ಕೇರಿಯ ಹೆಂಗಸರೆಲ್ಲ ಹೋಗುವರು. ರುಕ್ಮಾ ಗುಂಪಿನ ಹಿಂದೆ ನಡೆಯುತ್ತಿದ್ದಳು. ಮಾರ್ಗರೀಟಾ ಅವಳಿಗಿಂತ ಹಿಂದೆ. ಒಂದು ದಿನ ರುಕ್ಮಾ ಕೆಸರಿನಲ್ಲಿ ನಿಂತಳು, ಇವಳು ಬರುವ ತನಕ.

“ಕಾಕಿ, ಅದು ಹಲಸಿಂದ ಹೌದಲ್ಲ?”

“ಹೌದು.”

“ಖರೇ ಹೇಳು.”

“ಖರೇ.”

ಇಬ್ಬರೂ ಸ್ವಲ್ಪ ದೂರ ನಡೆದರು. ತಲೆಗೆ ಹೊದ್ದ ಗೊರಬಿನ ಮೇಲೆ ಮಳೆ ಬೀಳುತ್ತಿತ್ತು.

“ಹಂಗಾದ್ರ ನನ್ನದ ತಪ್ಪು.”

“ನಿನ್ನದಲ್ಲ.”

“ಮತ್ತ ಯಾರದು?”

ಮಾರ್ಗರೀಟಾಳಿಗೆ ಗೊತ್ತಿದ್ದದ್ದು ಒಂದೇ, ಅದನ್ನು ಹೇಳಿದಳು. ಬರೀ ಹಳದಿ ನೋಡಿ ನಂಬಬಾರದು ಅಂತ. ಚಿಗುರಿನ ತೊಟ್ಟು ಮುರಿದು ಅಂಟು ನೋಡಬೇಕು, ಎಲೆ ನುಣುಪಿರಬೇಕು, ಒರಟಿದ್ದರೆ ಬಿಟ್ಟು ಮುಂದೆ ಹೋಗಬೇಕು ಅಂತ. ಮೊದಲು ತನ್ನ ನಾಲಿಗೆಗೆ ಇಟ್ಟುಕೊಂಡು ಕಾಯಬೇಕು ಅಂತ.

ರುಕ್ಮಾ ಕೇಳಿದಳೋ ಇಲ್ಲವೋ. ಗದ್ದೆ ಬಂತು. ಗೌಡರ ಆಳು ತಡವಾಯಿತೆಂದು ಕೂಗುತ್ತಿದ್ದ. ಇಬ್ಬರೂ ಸೀರೆ ಮೇಲಕ್ಕೆ ಕಟ್ಟಿಕೊಂಡು ನೀರಿಗೆ ಇಳಿದರು.